ಉಳಿದುಹೋದ ಒಂದು ಲೋಟ ನೀರು

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಘಟನೆ. ಮಗ ಗಾಜಿನ ಬಾಟಲಿಯೊಂದಕ್ಕೆ ಕುತ್ತಿಗೆಯವರೆಗೂ ನೀರು ತುಂಬಿ, ಮುಚ್ಚಳ ಬಿಗಿದು, ಬೇಗ ತಣ್ಣಗಾಗಲೆಂದು ಫ್ರೀಜರಿನೊಳಗಿಟ್ಟು ಮರೆತುಬಿಟ್ಟ. ಬೆಳಿಗ್ಗೆ ನೋಡಿದರೆ ಬಾಟಲಿ ಉದ್ದಕ್ಕೆ ಸೀಳಿತ್ತು. “ಯಾರೂ ಮುಟ್ಟಲೇ ಇಲ್ಲವಲ್ಲಪ್ಪಾ, ಹೇಗೆ ಒಡೆಯಿತು?” ಎಂದು ಕೇಳಿದ.

ತಣ್ಣಗಾದರೆ ವಸ್ತುಗಳು ಕುಗ್ಗುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ನೀರೂ ಕುಗ್ಗುತ್ತದೆ, ಆದರೆ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅಲ್ಲಿಂದ ಕೆಳಗೆ ಅದು ಹಿಗ್ಗತೊಡಗುತ್ತದೆ. ನೂರು ಲೋಟ ನೀರು ಮಂಜುಗಡ್ಡೆಯಾದಾಗ ಸುಮಾರು 109 ಲೋಟದಷ್ಟು ಜಾಗ ಬೇಡುತ್ತದೆ. ಜಾಗ ಸಿಗದಿದ್ದರೆ ಗಾಜನ್ನಷ್ಟೇ ಅಲ್ಲ, ಕಬ್ಬಿಣವನ್ನೂ ಸೀಳುತ್ತದೆ.

ಕಬ್ಬಿಣವೇ? ಹೌದು. ಅಮೆರಿಕದ ಟಾಹೋ ಸರೋವರದ ದಂಡೆಯಲ್ಲಿ ಮೋಟಾರು ದೋಣಿ ಇಟ್ಟುಕೊಂಡವರಿಗೆ ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಇದೇ ಚಿಂತೆ.

ಟಾಹೋ ಕೂಡ ನಮ್ಮ ಊರುಗಳಂತೆ ಗಡಿಯ ಮೇಲಿರುವಂಥದ್ದು. ಒಂದು ದಂಡೆ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ, ಇನ್ನೊಂದು ದಂಡೆ ನೆವಾಡಾ ರಾಜ್ಯಕ್ಕೆ ಸೇರಿದೆ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರ, 35 ಕಿಲೋಮೀಟರ್ ಉದ್ದ, 501 ಮೀಟರ್ ಆಳ. ಎತ್ತರದ ಲೆಕ್ಕದಲ್ಲಿ ನಮ್ಮ ಊಟಿಯೇ ಮೇಲು, ಸುಮಾರು 2,240 ಮೀಟರ್. ಆದರೆ ಊಟಿ ಭೂಮಧ್ಯರೇಖೆಗೆ ಹತ್ತಿರ. ಡಿಸೆಂಬರ್-ಜನವರಿಯಲ್ಲಿ ರಾತ್ರಿ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತರೂ ಬಿಸಿಲೇರಿದಂತೆ ಕರಗಿಹೋಗುತ್ತದೆ. ಟಾಹೋದಲ್ಲಿ ಹಾಗಲ್ಲ. ಅಲ್ಲಿ ತಿಂಗಳುಗಟ್ಟಲೆ ಹಿಮ ಬೀಳುತ್ತದೆ.

ವಿಚಿತ್ರವೆಂದರೆ, ಇಷ್ಟು ಚಳಿಯಲ್ಲೂ ಸರೋವರ ಹೆಪ್ಪುಗಟ್ಟುವುದಿಲ್ಲ. ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿದರೆ, ಕೆಳಗಿನ ನೀರು ಮೇಲೆ ಬರುತ್ತದೆ. ಅಷ್ಟು ಆಳದ ನೀರನ್ನೆಲ್ಲ ತಣಿಸಲು ಒಂದು ಚಳಿಗಾಲ ಸಾಲದು. ಆದರೆ ದೋಣಿಯ ಎಂಜಿನ್ನಿಗೆ ಆ ರಕ್ಷಣೆ ಇಲ್ಲ. ಎಷ್ಟೋ ದೋಣಿಗಳ ಎಂಜಿನ್ನು ತನ್ನ ಬಿಸಿ ಆರಿಸಿಕೊಳ್ಳಲು ಸರೋವರದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಎಂಜಿನ್ನು ನಿಲ್ಲಿಸಿದ ಮೇಲೆ ಆ ನೀರು ಕೊಳವೆಗಳ ಮೂಲೆಯಲ್ಲಿ ಉಳಿದುಬಿಡುತ್ತದೆ. ಸೊನ್ನೆಗಿಂತ ಕೆಳಗಿಳಿದ ಒಂದೇ ರಾತ್ರಿ ಸಾಕು, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಬಿರುಕು ಕಣ್ಣಿಗೆ ಬೀಳುವುದೂ ಇಲ್ಲ. ಆರು ತಿಂಗಳು ಕಳೆದು ದೋಣಿ ಇಳಿಸಿದಾಗ ಎಂಜಿನ್ ಆಯಿಲ್‌ಗೆ ನೀರು ಸೇರಿ, ಹಾಲು ಬೆರೆಸಿದ ಕಾಫಿಯಂತಾದಾಗಲೇ ಗೊತ್ತಾಗುವುದು. ಆಗ ಎಂಜಿನ್ನನ್ನೇ ಬದಲಿಸಬೇಕಾದೀತು.

ಆದ್ದರಿಂದ ಶರತ್ಕಾಲದಲ್ಲೇ ದೋಣಿಯನ್ನು ದಡಕ್ಕೆ ಎಳೆದು, ಎಂಜಿನ್ನಿನ ಕೆಳಗಿರುವ ಬಿರಡೆಗಳನ್ನೆಲ್ಲ ಬಿಚ್ಚಿ ನೀರು ಬಸಿಯುತ್ತಾರೆ. ಅನುಭವಿಗಳು ಇಲ್ಲೊಂದು ಎಚ್ಚರಿಕೆ ಹೇಳುತ್ತಾರೆ. ಬಿರಡೆ ತೆಗೆದಾಗ ನೀರು ಬಾರದಿದ್ದರೆ ಒಳಗೆ ನೀರಿಲ್ಲವೆಂದು ಸಂತೋಷಪಡಬೇಡಿ. ತುಕ್ಕೋ ಮರಳೋ ತೂತನ್ನು ಮುಚ್ಚಿರಬಹುದು. ತಂತಿ ತೂರಿಸಿ ನೋಡಿ. ಆಮೇಲೆ ಹೆಪ್ಪುಗಟ್ಟದ ದ್ರಾವಣ ಹಾಯಿಸುತ್ತಾರೆ. ಅದರಲ್ಲೂ ವಿಷಕಾರಿಯಾದದ್ದು ಬೇಡ, ಏಕೆಂದರೆ ದೋಣಿ ಇಳಿಸುವಾಗ ಅದು ಸರೋವರ ಸೇರುವ ಸಂಭವವಿದೆ.

ಉಳಿದ ಕೆಲಸಗಳೂ ಇವೆ. ಹಳೆಯ ಆಯಿಲನ್ನು ವಸಂತದಲ್ಲಲ್ಲ, ಚಳಿಗಾಲಕ್ಕೆ ಮುಂಚೆಯೇ ಬದಲಿಸಬೇಕು. ಅದರಲ್ಲಿರುವ ಆಮ್ಲ ತಿಂಗಳುಗಟ್ಟಲೆ ನಿಂತರೆ ಲೋಹವನ್ನು ತಿನ್ನುತ್ತದೆ. ಬ್ಯಾಟರಿಗೆ ಪೂರ್ತಿ ಚಾರ್ಜು ಇರಬೇಕು, ಚಾರ್ಜು ಇಳಿದ ಬ್ಯಾಟರಿ ಬೇಗ ಹೆಪ್ಪುಗಟ್ಟಿ ಒಡೆಯುತ್ತದೆ. ಹೊದಿಕೆಯನ್ನು ಇಳಿಜಾರಾಗಿ ಕಟ್ಟಬೇಕು, ಇಲ್ಲದಿದ್ದರೆ ಹಿಮದ ಭಾರಕ್ಕೆ ಹರಿದೀತು. ದೋಣಿಯ ತಳದ ಬಿರಡೆ ತೆಗೆದಿಟ್ಟರೆ, ಒಳಗೆ ಸೇರಿದ ಹಿಮ ಕರಗಿ ಹರಿದುಹೋಗುತ್ತದೆ. ಆ ಬಿರಡೆಯನ್ನು ಕೀಲಿಕೈ ಜೊತೆ ಸ್ಟಿಯರಿಂಗಿಗೇ ಕಟ್ಟಿಡುವುದು ವಾಡಿಕೆ. ಏಕೆಂದರೆ ವಸಂತದಲ್ಲಿ ಹಾಕಲು ಮರೆತು, ದೋಣಿ ಇಳಿಸಿದ ಜಾಗದಲ್ಲೇ ಮುಳುಗಿಸಿಕೊಂಡವರಿದ್ದಾರೆ!

ಹಲಗೆ ಜೋಡಿಸಿದ ಹಳೆಯ ಮರದ ದೋಣಿಗಳ ಪಾಡು ಬೇರೆ. ದಡದ ಮೇಲೆ ಒಣಗಿ ಹಲಗೆ ಕುಗ್ಗಿ, ಸಂದು ಬಿಟ್ಟಿರುತ್ತದೆ. ಮರ ನೆನೆದು ಉಬ್ಬಿ ಸಂದು ಮುಚ್ಚಿಕೊಳ್ಳುವವರೆಗೂ ಕಾಯಬೇಕು. ಬೇಸಿಗೆಯಲ್ಲಿ ಪಟ್ಟಿ ಸಡಿಲವಾದ ಎತ್ತಿನಗಾಡಿಯ ಚಕ್ರವನ್ನು ಕೆರೆಯಲ್ಲಿ ನೆನೆಹಾಕುತ್ತಿದ್ದ ನಮ್ಮ ಅಜ್ಜಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಇಷ್ಟಾದರೂ ಇದು ದೋಣಿಯವನ ಸ್ವಂತ ನಷ್ಟದ ಮಾತಾಯಿತು. ಉಳಿದ ನೀರಿನಲ್ಲಿ ಇನ್ನೂ ದೊಡ್ಡ ಅಪಾಯವೊಂದಿದೆ, ಅದು ಇಡೀ ಊರಿನದು.

ಕ್ವಾಗಾ ಎಂಬ ಸಣ್ಣ ಚಿಪ್ಪುಜೀವಿ ಇದೆ. ಬೆಳೆದರೂ ಹೆಬ್ಬೆರಳ ಉಗುರಿನಷ್ಟೇ. ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಉಕ್ರೇನಿನ ನದಿಗಳ ಕಡೆಯಿಂದ ಹಡಗುಗಳಲ್ಲಿ ತುಂಬಿ ತಂದ ನೀರಿನೊಡನೆ 1980ರ ದಶಕದ ಕೊನೆಗೆ ಅಮೆರಿಕದ ಮಹಾಸರೋವರಗಳನ್ನು ಸೇರಿತು. 2007ರಲ್ಲಿ ನೆವಾಡಾದ ಮೀಡ್ ಜಲಾಶಯದಲ್ಲಿ ಕಂಡುಬಂತು. ಕೊಳವೆಗಳಲ್ಲಿ, ದೋಣಿಗಳ ತಳದಲ್ಲಿ ಹೆಂಚು ಹೊದಿಸಿದಂತೆ ಅಂಟಿಕೊಳ್ಳುತ್ತದೆ, ಮೀನಿನ ಆಹಾರವನ್ನೂ ಸೋಸಿ ತಿನ್ನುತ್ತದೆ. ಒಮ್ಮೆ ದೊಡ್ಡ ಸರೋವರದಲ್ಲಿ ನೆಲೆಯೂರಿದರೆ ಅದನ್ನು ಕಿತ್ತೊಗೆಯುವುದು ಅಸಾಧ್ಯವೆಂದೇ ಹೇಳಬೇಕು. ನೇರಳೆ ಹೂವಿನ ನೀರುಕಳೆ ಕೆರೆಯನ್ನು ಮುಚ್ಚುವುದನ್ನು ಕಂಡ ನಮಗೆ ಈ ಸಂಕಟ ಹೊಸದಲ್ಲ. ಅದೂ ದಕ್ಷಿಣ ಅಮೆರಿಕದಿಂದ ಬಂದದ್ದೇ.

ಹೀಗಾಗಿ 2008ರಿಂದ ಟಾಹೋಕ್ಕೆ ಇಳಿಯುವ ಪ್ರತಿ ಮೋಟಾರು ದೋಣಿಗೂ ತಪಾಸಣೆ ಕಡ್ಡಾಯ. ತೊಳೆಯಿರಿ, ಬಸಿಯಿರಿ, ಒಣಗಿಸಿರಿ, ಇದೇ ಅಲ್ಲಿನ ಮಂತ್ರ. ಸುಮಾರು 60 ಡಿಗ್ರಿ ಬಿಸಿನೀರಿನಿಂದಲೂ ತೊಳೆಯುತ್ತಾರೆ. ಚಿಪ್ಪಿಗೆ ಗಡಿರೇಖೆ ಗೊತ್ತಿಲ್ಲ. ಒಂದು ದಂಡೆಯಲ್ಲಿ ಬಿಟ್ಟರೆ ಎರಡೂ ರಾಜ್ಯಗಳ ನೀರು ಕೆಡುತ್ತದೆ. ಸರೋವರದ ರಕ್ಷಣೆಗಾಗಿ 1969ರಲ್ಲೇ ಕೈಜೋಡಿಸಿದ್ದ ಎರಡು ರಾಜ್ಯಗಳು ಇದರಲ್ಲೂ ಒಟ್ಟಾಗಿ ನಿಂತವು. 2024ರ ಅಕ್ಟೋಬರಿನಲ್ಲಿ ಏಷ್ಯಾ ಮೂಲದ ಚಿನ್ನದ ಬಣ್ಣದ ಇನ್ನೊಂದು ಚಿಪ್ಪು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಬಂದರಿನಲ್ಲಿ ಸಿಕ್ಕಿದ ಮೇಲೆ ನಿಯಮ ಮತ್ತಷ್ಟು ಬಿಗಿಯಾಯಿತು. 

ಟಾಹೋದ ತಿಳಿನೀರು ಮೊದಲೇ ನೊಂದಿದೆ. 1968ರಲ್ಲಿ ನೀರಿಗಿಳಿಸಿದ ಬಿಳಿಯ ತಟ್ಟೆ ಸುಮಾರು 31 ಮೀಟರ್ ಆಳದವರೆಗೂ ಕಾಣುತ್ತಿತ್ತು. ಕೊಚ್ಚಿಬಂದ ನುಣುಪು ಮಣ್ಣು, ಪಾಚಿಯಿಂದಾಗಿ ಈಚಿನ ವರ್ಷಗಳಲ್ಲಿ ಅದು 20 ಮೀಟರಿನ ಆಸುಪಾಸಿಗೆ ಇಳಿದಿದೆ. ಅಂಥ ಸರೋವರಕ್ಕೆ ಇನ್ನೊಂದು ಪೆಟ್ಟು ತಾಗದಿರಲು ದಡದಲ್ಲಿ ಒಬ್ಬ ಮನುಷ್ಯ ಮಂಡಿಯೂರಿ ಒಂದು ಲೋಟ ನೀರು ಬಸಿಯಬೇಕು, ಅಷ್ಟೆ. ಆ ಕೆಲಸವನ್ನು ಯಾರೂ ನೋಡುವುದಿಲ್ಲ, ಹೊಗಳುವುದಿಲ್ಲ. ಮಾಡದಿದ್ದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ನಮ್ಮ ಮನೆಗಳಲ್ಲಿ ದೋಣಿ ಇಲ್ಲ. ಆದರೆ ಔಷಧಿ ಹೊಡೆದು ಹಾಗೇ ಮೂಲೆಗಿಟ್ಟ ಸ್ಪ್ರೇಯರ್ ಇದೆ. ಹೂಕುಂಡದ ಕೆಳಗಿನ ತಟ್ಟೆ ಇದೆ, ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡಲು ಅಷ್ಟು ನೀರು ಧಾರಾಳ. ಬಳಸದೆ ನಿಂತ ನೀರಿನ ಪಂಪು ಇದೆ. ಈ ಶನಿವಾರ ಮಕ್ಕಳನ್ನು ಕರೆದುಕೊಂಡು ಮನೆ ಸುತ್ತ ಒಮ್ಮೆ ನಡೆದು ಬನ್ನಿ, ಎಲ್ಲಿ ಎಷ್ಟು ನೀರು ಉಳಿದಿದೆಯೆಂದು ಅವರೇ ಎಣಿಸಲಿ.

ನಮ್ಮ ಮಗ ಈಗ ಫ್ರೀಜರಿನಲ್ಲಿ ಗಾಜು ಇಡುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯನ್ನೂ ಮುಕ್ಕಾಲು ಮಾತ್ರ ತುಂಬುತ್ತಾನೆ. “ಹಿಗ್ಗೋಕೆ ಜಾಗ ಬೇಕಲ್ಲಪ್ಪಾ” ಎಂದು ನನಗೇ ಪಾಠ ಹೇಳುತ್ತಾನೆ.