ಸರಾಸರಿಯೊಳಗೆ ನಮ್ಮ ಕೇರಿ ಎಲ್ಲಿ?



ನಮ್ಮ ಕಡೆಯ ಹಾಸ್ಟೆಲುಗಳಲ್ಲಿ ಒಂದು ತಮಾಷೆ ಓಡಾಡುತ್ತದೆ. "ಕನ್ನಡ ತಗೊಂಡಂವ ಕವಿ ಆಗ್ತಾನ, ರಾಜ್ಯಶಾಸ್ತ್ರ ತಗೊಂಡಂವ ಪುಢಾರಿ ಆಗ್ತಾನ, ಅರ್ಥಶಾಸ್ತ್ರ ತಗೊಂಡಂವ ನಪಾಸ ಆಗ್ತಾನ." ನಕ್ಕು ಮರೆಯುವ ಮಾತು. ಆದರೆ ಈ ನಗೆಯಿಂದ ನಮಗೆ ಆದ ನಷ್ಟ ಸಣ್ಣದಲ್ಲ. ನಾನು ಕವಿತೆ ಬರೆಯುವವನು. ಅದಕ್ಕೇ ಈ ಮಾತನ್ನು ನಾನೇ ಹೇಳಬೇಕು. ಕವಿತೆಯಿಂದ ಸಿಟ್ಟು ಹುಟ್ಟಿಸಬಹುದು, ಮಂದಿ ಕೂಡಿಸಬಹುದು. ಆದರೆ ನಮ್ಮ ಪಾಲಿನ ದುಡ್ಡು ಎಲ್ಲಿಗೆ ಹೋಯಿತು ಎಂದು ವಿಧಾನಸೌಧವನ್ನು ಕೇಳಲು ಅಂಕಿ ಬೇಕು. ಅಂಕಿ ಓದಬಲ್ಲ ಮಕ್ಕಳು ಬೇಕು.

ಒಬ್ಬ ಪ್ರೊಫೆಸರರ ಕೆಲಸವನ್ನು ಮುಂದಿಟ್ಟುಕೊಂಡು ಇದನ್ನು ಮಾತಾಡೋಣ. ಡಾ. ಡಿ.ಎಂ. ನಂಜುಂಡಪ್ಪ. ಹೆಸರು ಕೇಳದವರಿಲ್ಲ. ನಮ್ಮ ಭಾಗದ ಯಾವ ಪುಢಾರಿ ಮೈಕು ಹಿಡಿದರೂ ಎರಡನೆಯ ವಾಕ್ಯಕ್ಕೆ "ನಂಜುಂಡಪ್ಪ ವರದಿ" ಅನ್ನುತ್ತಾನೆ. ಆ ವರದಿಯಲ್ಲಿ ಏನು ಬರೆದದ, ಬರೆದವರು ಯಾರು, ಅದರಾಗ ನಮ್ಮ ಪಾಲು ಎಷ್ಟು ಎಂದು ಕೇಳಿದರೆ ಭಾಷಣ ಅಲ್ಲಿಗೇ ನಿಲ್ಲುತ್ತದೆ.

ನಂಜುಂಡಪ್ಪನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ವಿಷಯ ಸಾರ್ವಜನಿಕ ಹಣಕಾಸು. ಅಂದರೆ ಸರಕಾರ ಯಾರಿಂದ ದುಡ್ಡು ಎತ್ತುತ್ತದೆ, ಯಾರಿಗೆ ಖರ್ಚು ಮಾಡುತ್ತದೆ ಎನ್ನುವ ವಿದ್ಯೆ. ರಸ್ತೆ ಬಳಸುವವರ ಮೇಲಿನ ತೆರಿಗೆ ಮತ್ತು ರಸ್ತೆಗೆ ಹಾಕುವ ಹಣದ ಬಗ್ಗೆ ಅವರ ಪುಸ್ತಕ 1973ರಲ್ಲಿ ಬಂತು. 1981ರಲ್ಲಿ ಪ್ರದೇಶವಾರು ಯೋಜನೆ ಮತ್ತು ಗ್ರಾಮೀಣ ಅಭಿವೃದ್ಧಿಯ ಮೇಲೆ ಬರೆದರು. 1982ರಲ್ಲಿ ಹಿಂದುಳಿದ ಪ್ರದೇಶಗಳ ಸಮಸ್ಯೆಯ ಮೇಲೆ ಇನ್ನೊಬ್ಬರ ಜೊತೆ ಸೇರಿ ಪುಸ್ತಕ ಸಂಪಾದಿಸಿದರು. ಈ ಸಾಲನ್ನು ನೋಡಿ. ರಸ್ತೆಯಿಂದ ಶುರುವಾದ ಪ್ರಶ್ನೆ ಊರಿಗೆ ಬಂತು, ಊರಿನಿಂದ ಹಿಂದುಳಿದ ಸೀಮೆಗೆ ಬಂತು. ಈ ನಡುವೆ ಅವರು ರಾಜ್ಯ ಸರಕಾರದ ಆರ್ಥಿಕ ಸಲಹೆಗಾರರಾದರು. ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿಯಾದರು. ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾದರು. 2005ರಲ್ಲಿ ತೀರಿಕೊಂಡರು.

ಧಾರವಾಡದ ಪ್ರೊಫೆಸರರಿಗೂ ನಮಗೂ ಏನು ಸಂಬಂಧ ಅಂತೀರಿ? ಸಂಬಂಧ ಅದ. 1948ರ ತನಕ ನಾವು ನಿಜಾಮನ ಸೀಮೆಯವರು. ನಮಗಿದ್ದದ್ದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ, ಪಾಠ ಉರ್ದುವಿನಲ್ಲಿ. 1956ರಲ್ಲಿ ಏಕೀಕರಣವಾದ ಮೇಲೆ ನಮ್ಮ ದಿಕ್ಕು ಧಾರವಾಡವಾಯಿತು. ಕಲಬುರಗಿಗೆ ಸ್ನಾತಕೋತ್ತರ ಕೇಂದ್ರ ಬಂದದ್ದು 1970ರಲ್ಲಿ, ಅದೂ ಧಾರವಾಡದ ಕೈಕೆಳಗೆ. ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಅಲ್ಲಿಯತನಕ ಚಿಂಚೋಳಿಯ ತಾಂಡಾದಿಂದ, ಸೇಡಂನ ಕೇರಿಯಿಂದ ಎಂ.ಎ. ಓದಬೇಕೆಂದವನು ಟ್ರಂಕು ಹೊತ್ತು ರೈಲು ಹತ್ತಬೇಕಿತ್ತು. ಹತ್ತಿದವರನ್ನು ಬೆರಳಲ್ಲಿ ಎಣಿಸಬಹುದು. ನಮ್ಮ ಕಡೆ ಅರ್ಥಶಾಸ್ತ್ರ ಬೇರು ಬಿಡದೇ ಇದ್ದದ್ದಕ್ಕೆ ನಮ್ಮ ತಲೆ ಕಾರಣ ಅಲ್ಲ. ದೂರ ಕಾರಣ, ದುಡ್ಡು ಕಾರಣ.

2000ದಲ್ಲಿ ಸರಕಾರ ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಒಂದು ಉನ್ನತಾಧಿಕಾರ ಸಮಿತಿ ಮಾಡಿತು. ಅಧ್ಯಕ್ಷರು ನಂಜುಂಡಪ್ಪ. ವರದಿ ಬಂದದ್ದು 2002ರಲ್ಲಿ. ಆ ಸಮಿತಿ ಮಾಡಿದ್ದು ಇಷ್ಟು. ಆಗ ರಾಜ್ಯದಲ್ಲಿ 175 ತಾಲೂಕುಗಳು. ಒಂದೊಂದು ತಾಲೂಕಿಗೂ 35 ಅಳತೆಗಳು. ಅಕ್ಷರ ಬಲ್ಲವರು ಎಷ್ಟು, ಸಾಲಿ ಬಿಟ್ಟ ಮಕ್ಕಳು ಎಷ್ಟು, ಡಾಕ್ಟರು ಎಷ್ಟು, ದವಾಖಾನೆಯ ಹಾಸಿಗೆ ಎಷ್ಟು, ಬ್ಯಾಂಕು ಎಷ್ಟು, ಹೀಗೆ. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗೆ ಬಿದ್ದ ತಾಲೂಕು ಹಿಂದುಳಿದದ್ದು ಎಂದು ಗುರುತಿಸಿದರು. 114 ತಾಲೂಕು ಕೆಳಗೆ ಬಿದ್ದವು. 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವೇ. ಸೇಡಂ ಅದರಲ್ಲಿದೆ. ಚಿತ್ತಾಪುರ ಅದರಲ್ಲಿದೆ. ಚಿಂಚೋಳಿ ಅದರಲ್ಲಿದೆ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಮಾಡಿರಿ, ಅದರ ನೂರಕ್ಕೆ 40 ಪಾಲನ್ನು ಗುಲಬರ್ಗಾ ವಿಭಾಗಕ್ಕೆ ಕೊಡಿರಿ ಎಂದು ವರದಿ ಹೇಳಿತು.

ಇದನ್ನು ಸಣ್ಣ ಕೆಲಸ ಅನ್ನಬೇಡಿ. ಅದಕ್ಕಿಂತ ಮೊದಲು "ನಮಗ ಅನ್ಯಾಯ ಆಗ್ಯಾದ" ಎಂದರೆ "ನಿಮ್ಮ ಮಂದಿ ಸೋಮಾರಿ, ನಿಮ್ಮ ಕಡಿ ಬಿಸಿಲು ಹೆಚ್ಚು" ಎಂಬ ಉತ್ತರ ಬರುತ್ತಿತ್ತು. ಬಿಸಿಲಿನ ಮೇಲೆ ತಪ್ಪು ಹೊರಿಸಿದರೆ ಯಾರೂ ಜವಾಬು ಕೊಡಬೇಕಿಲ್ಲ. ಡಾಕ್ಟರ ಇಲ್ಲ, ಹಾಸಿಗೆ ಇಲ್ಲ, ಮಾಸ್ತರ ಇಲ್ಲ ಎಂದು ಸರಕಾರದ ಕಾಗದದಲ್ಲೇ ಬಂದ ಮೇಲೆ ತಪ್ಪು ಬಿಸಿಲಿನದಲ್ಲ, ಖಜಾನೆಯದು ಎಂದಾಯಿತು. ಒಬ್ಬ ಮೇಷ್ಟ್ರು ತನ್ನ ವಿದ್ಯೆಯಿಂದ ಇಷ್ಟು ಮಾಡಿದರು. ಚಿಂಚೋಳಿಯ ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ಕೂಗಿದ್ದಕ್ಕೂ ಈ ಅಂಕಿಗಳು ಬಲ ಕೊಟ್ಟವು. 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಬಂತು, 371(ಜೆ) ಕಲಂ ಬಂತು. ಇವತ್ತು ನೀವು ಸೀಟಿಗೆ, ನೌಕರಿಗೆ ಹಚ್ಚುವ ಆ ಸರ್ಟಿಫಿಕೇಟಿನ ಹಿಂದೆ ಬೀದಿಯ ಕೂಗೂ ಇದೆ, ಲೆಕ್ಕದ ಪುಸ್ತಕವೂ ಇದೆ.

ವರದಿಯ ಗತಿ ಏನಾಯಿತು? ಬಂದದ್ದು 2002ರಲ್ಲಿ, ವಿಶೇಷ ಯೋಜನೆಗೆ ಹಣ ಇಡಲು ಶುರು ಮಾಡಿದ್ದು 2007-08ರಲ್ಲಿ. ಐದು ವರ್ಷ ಕಪಾಟಿನಲ್ಲಿ ನಿದ್ದೆ. ಅಷ್ಟರಲ್ಲಿ ಬರೆದವರೇ ಇರಲಿಲ್ಲ. ರಾಯಚೂರಿಗೆ ಐಐಟಿ ಎಂದು ವರದಿ ಹೇಳಿತ್ತು. 2016ರಲ್ಲಿ ಐಐಟಿ ಧಾರವಾಡಕ್ಕೆ ಹೋಯಿತು, ಮೂರು ವರ್ಷದ ಮೇಲೆ ರಾಯಚೂರಿಗೆ ಐಐಐಟಿ ಕೊಟ್ಟರು. ಒಂದು ಅಕ್ಷರ ಹೆಚ್ಚು ಕೊಟ್ಟರಲ್ಲ, ಖುಷಿಯಾಗಿರಿ ಅನ್ನುವ ಹಾಗೆ! 2024ರಲ್ಲಿ ಸರಕಾರ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೆ ಸಮಿತಿ ಮಾಡಿತು. ಇಪ್ಪತ್ತು ವರ್ಷ ದಾಟಿದರೂ ಅಸಮತೋಲನ ಹೋಗಿಲ್ಲ ಎಂದು ಸರಕಾರವೇ ಒಪ್ಪಿದಂತಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಮಾತು ಪುಢಾರಿಯ ಮಾತೇ ಆದೀತು. ನಮ್ಮ ಪ್ರಶ್ನೆ ಇನ್ನೂ ಒಂದು ಮೆಟ್ಟಿಲು ಕೆಳಗಿದೆ.

ಒಂದು ಸಣ್ಣ ಲೆಕ್ಕ ಮಾಡಿ. ಹತ್ತು ಮನೆಯ ಊರು. ಎರಡು ಮನೆಗೆ ತಲಾ ಐವತ್ತು ಎಕರೆ. ಎಂಟು ಮನೆಗೆ ಸೊನ್ನೆ. ಸರಾಸರಿ ತೆಗೆಯಿರಿ. ಮನೆಗೆ ಹತ್ತು ಎಕರೆ! ಕಾಗದದಲ್ಲಿ ಎಲ್ಲರೂ ರೈತರು. ಊರಾಗ ಎಂಟು ಮನೆಯವರು ಇನ್ನೊಬ್ಬರ ತೊಗರಿ ಕೊಯ್ಯುತ್ತಾರೆ. ಸರಾಸರಿ ಸುಳ್ಳು ಹೇಳುವುದಿಲ್ಲ, ಆದರೆ ಮುಚ್ಚಿಡುತ್ತದೆ.

ಈಗ ಚಿತ್ತಾಪುರ ನೋಡಿ. 2002ರಲ್ಲಿ ಶಹಾಬಾದ ಬೇರೆ ತಾಲೂಕಾಗಿರಲಿಲ್ಲ. ವಾಡಿ, ಶಹಾಬಾದ ಎರಡೂ ಚಿತ್ತಾಪುರದೊಳಗೇ. ವಾಡಿ ಎಂದರೆ ದೊಡ್ಡ ಜಂಕ್ಷನ್, ಎಸಿಸಿ ಸಿಮೆಂಟ್. ಶಹಾಬಾದ ಎಂದರೆ ದೇಶವೆಲ್ಲ ನೆಲಕ್ಕೆ ಹಾಸುವ ಫರಸಿ ಕಲ್ಲು. ಪಕ್ಕದ ಸೇಡಂನಲ್ಲಿ ವಾಸವದತ್ತಾ, ಮಳಖೇಡದ ಹತ್ತಿರ ರಾಜಶ್ರೀ. ಇಷ್ಟು ಕಾರ್ಖಾನೆ, ಇಷ್ಟು ಖಣಿ, ಇಷ್ಟು ರೈಲು ಇದ್ದೂ ಎರಡೂ ತಾಲೂಕು ಅತ್ಯಂತ ಹಿಂದುಳಿದ ಪಟ್ಟಿಯಲ್ಲಿ! ಹಾಗಾದರೆ ನೆಲದಿಂದ ಎತ್ತಿದ ಸಂಪತ್ತು ಯಾವ ಗಾಡಿ ಹತ್ತಿ ಯಾವ ಊರಿಗೆ ಹೋಯಿತು? ಚಿಮಣಿ ನಮ್ಮದು, ದೂಳು ನಮ್ಮದು, ಷೇರು ಯಾರದು? ಕಾರ್ಖಾನೆ ಲೆಕ್ಕಕ್ಕೆ ಸೇರಿ ತಾಲೂಕಿನ ಸರಾಸರಿ ಹೀಗಿದ್ದರೆ, ಖಣಿಯಲ್ಲಿ ಕಲ್ಲು ಸೀಳುವವನ ಕೇರಿಯನ್ನಷ್ಟೇ ಅಳೆದಿದ್ದರೆ ಯಾವ ಅಂಕಿ ಬರುತ್ತಿತ್ತು? ತಾಲೂಕನ್ನು ಅಳೆಯುವ ಕೋಲು ಕೇರಿಯ ಬಾಗಿಲಲ್ಲೇ ನಿಂತಿತು. ಕೊಟ್ಟ ಹಣವೂ ಅಲ್ಲೇ ನಿಂತರೆ ಆಶ್ಚರ್ಯವಿಲ್ಲ. ತಾಲೂಕಿಗೆ ಬಂದ ರಸ್ತೆ ಊರ ಮುಂದೆ ಡಾಂಬರು ಕಂಡು, ಕೇರಿಯ ಮುಂದೆ ಕೆಸರಾಗುವುದನ್ನು ನಾವು ಎಷ್ಟು ಸಲ ನೋಡಿಲ್ಲ?

ನಂಜುಂಡಪ್ಪನವರನ್ನು ಬೈಯಲು ಈ ಮಾತಲ್ಲ. ಸರಕಾರ ಕೇಳಿದ್ದು ಪ್ರದೇಶದ ಲೆಕ್ಕ, ಅವರು ಕೊಟ್ಟದ್ದು ಪ್ರದೇಶದ ಲೆಕ್ಕ. ಕೇರಿಯ ಲೆಕ್ಕ ಬೇಕಾದರೆ ಕೇರಿಯಿಂದ ಬಂದವರು ಆ ಕುರ್ಚಿಗಳಲ್ಲಿ ಇರಬೇಕು.

ಅಂಥ ಒಬ್ಬರು ಇದ್ದರು, ಅವರ ಫೋಟೋ ನಿಮ್ಮ ಹಾಸ್ಟೆಲಿನ ಗೋಡೆಯ ಮೇಲೆ ಇದೆ. ಬಾಬಾಸಾಹೇಬರು ಮೊದಲು ಅರ್ಥಶಾಸ್ತ್ರದ ಪ್ರೊಫೆಸರು. 1918ರಿಂದ 1920ರವರೆಗೆ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿದರು. ಅದೇ ಸ್ಟಾಫ್ ರೂಮಿನಲ್ಲಿ ಅವರು ಕೊಡದ ನೀರು ಮುಟ್ಟಿದ್ದಕ್ಕೆ ಸಹೋದ್ಯೋಗಿಗಳು ತಕರಾರು ಮಾಡಿದರು. 1918ರಲ್ಲೇ ಅವರು ಭಾರತದ ಸಣ್ಣ ಹಿಡುವಳಿಗಳ ಮೇಲೆ ಪ್ರಬಂಧ ಬರೆದರು. ಬರೀ ತುಂಡು ಹೊಲ ಕೂಡಿಸಿದರೆ ಸಾಲದು, ಹೊಲದ ಮೇಲೆ ಬಿದ್ದ ಹೆಚ್ಚುವರಿ ಮಂದಿಗೆ ಕೈಗಾರಿಕೆಯಲ್ಲಿ ಕೆಲಸ ಬೇಕು ಎಂದರು. 1923ರಲ್ಲಿ ರೂಪಾಯಿಯ ಸಮಸ್ಯೆ, 1925ರಲ್ಲಿ ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಪುಸ್ತಕ. ಕೇಂದ್ರದ ಪಾಲೆಷ್ಟು, ಪ್ರಾಂತದ ಪಾಲೆಷ್ಟು? ಇದೂ ದುಡ್ಡಿನ ಪಾಲಿನ ಪ್ರಶ್ನೆಯೇ. ನಾವು ಅವರ ಕೋಟು ನೋಡಿದೆವು, ಕೈಯಲ್ಲಿನ ಸಂವಿಧಾನ ನೋಡಿದೆವು. ಲೆಕ್ಕದ ಪುಸ್ತಕ ನೋಡಲಿಲ್ಲ.

ನೋಡದೇ ಇದ್ದದ್ದರ ಬೆಲೆ ಕೇಳಿ. 2013ರಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಕಾಯ್ದೆಯಾಯಿತು. ನಮ್ಮ ಜನಸಂಖ್ಯೆ ನೂರಕ್ಕೆ 24.1, ಯೋಜನೆಯ ಹಣದಲ್ಲೂ ಅಷ್ಟೇ ಪಾಲು ಎಂದು. ಒಳ್ಳೆಯ ಕಾಯ್ದೆ. ಆದರೆ ಅದರೊಳಗೆ 7(ಡಿ) ಎಂಬ ಒಂದು ಕಿಂಡಿ ಇತ್ತು. ಎಲ್ಲರೂ ಬಳಸುವ ದೊಡ್ಡ ಕಾಮಗಾರಿಗೆ ಹಾಕಿದ ಹಣದ ಒಂದು ಭಾಗವನ್ನು ನಮಗೇ ಖರ್ಚಾಯಿತು ಎಂದು "ಭಾವಿಸಿ"ಕೊಳ್ಳಬಹುದಿತ್ತು. ಭಾವಿಸಿಕೊಳ್ಳುವುದು ಕವಿಗಳ ಕೆಲಸ, ಖಜಾನೆಯ ಕೆಲಸವಲ್ಲ! ಈ ಕಿಂಡಿ ಮುಚ್ಚಲು 2023 ಬರಬೇಕಾಯಿತು. ಹತ್ತು ವರ್ಷ. ಬಜೆಟ್ ಪುಸ್ತಕದ ಆ ಪುಟ ತೆರೆದು ಓದುವವರು ಒಂದೊಂದು ಹಾಸ್ಟೆಲಿನಲ್ಲಿ ಇಬ್ಬರು ಇದ್ದಿದ್ದರೂ ಆ ಹತ್ತು ವರ್ಷ ಮೂರಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ಅರ್ಥಶಾಸ್ತ್ರ ಕಷ್ಟ ಅಂತೀರಿ. ಕಷ್ಟವೇ. ಪುಸ್ತಕಗಳು ಇಂಗ್ಲಿಷಿನಲ್ಲಿವೆ, ಗಣಿತದ ಮಾಸ್ತರರು ಹೈಸ್ಕೂಲಿನಲ್ಲೇ ಸಿಗಲಿಲ್ಲ. ಅದು ನಮ್ಮ ದಡ್ಡತನವಲ್ಲ, ಅದೇ ವರದಿಯ 35 ಅಳತೆಗಳಲ್ಲಿ ಎಣಿಸಿದ ಕೊರತೆ. ಆದರೆ ಲೆಕ್ಕ ಈ ಮಣ್ಣಿಗೆ ಹೊಸದಲ್ಲ. ರಾಷ್ಟ್ರಕೂಟರ ಮಾನ್ಯಖೇಟ ಎಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ. ಅಮೋಘವರ್ಷನ ಆಶ್ರಯದಲ್ಲಿ ಒಂಬತ್ತನೆಯ ಶತಮಾನದಲ್ಲೇ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಆ ಲೆಕ್ಕ ಅರಮನೆಯ ಸುತ್ತ ಇತ್ತು. ಅದನ್ನು ಕೇರಿಗೆ ತರುವುದು ನಮ್ಮ ಕೆಲಸ.

ಹಾಗಾಗಿ ಮೂರು ಮಾತು.

ಒಂದು. ಹಾಸ್ಟೆಲಿನ ವಾಚನಾಲಯಕ್ಕೆ ನಂಜುಂಡಪ್ಪ ವರದಿ, ರಾಜ್ಯದ ಬಜೆಟ್ ಪುಸ್ತಕ, ಬಾಬಾಸಾಹೇಬರ ಬರಹಗಳ ಕನ್ನಡ ಸಂಪುಟ ಬೇಕು ಎಂದು ವಾರ್ಡನ್ನರಿಗೆ ಲಿಖಿತವಾಗಿ ಕೇಳಿ. ಗಣಿತ, ಇಂಗ್ಲಿಷಿಗೆ ಸಂಜೆಯ ಪಾಠ ಬೇಕು ಎಂದೂ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ.

ಎರಡು. ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯನ್ನು ನೀವೇ ಎಣಿಸಿ. ಮನೆ ಎಷ್ಟು, ನಳ ಎಷ್ಟು, ಪಹಣಿಯಲ್ಲಿ ಹೆಸರಿರುವವರು ಎಷ್ಟು, ಸಾಲಿ ಬಿಟ್ಟ ಹೆಣ್ಣುಮಕ್ಕಳು ಎಷ್ಟು, ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ಎಷ್ಟು. ಇದೇ ಲೆಕ್ಕವನ್ನು ಊರ ಮೇಲಿನ ಓಣಿಗೂ ಮಾಡಿ, ಪಕ್ಕಪಕ್ಕ ಇಡಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಪಂಚಾಯಿತಿಗೂ ಪ್ರದೇಶಾಭಿವೃದ್ಧಿ ಮಂಡಳಿಗೂ ಅರ್ಜಿ ಹಾಕಿ, ನಮ್ಮ ಕೇರಿಗೆಂದು ಖರ್ಚಾದದ್ದು ಎಷ್ಟು ಎಂದು ಕೇಳಿ.

ಮೂರು. ನಿಮ್ಮಲ್ಲಿ ಕೆಲವರಾದರೂ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಪಿಎಚ್.ಡಿ. ಮಾಡಿ. ಈಗ ಟ್ರಂಕು ಹೊತ್ತು ಧಾರವಾಡಕ್ಕೇ ಹೋಗಬೇಕಿಲ್ಲ. ಕಲಬುರಗಿಯಲ್ಲೇ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಹುಡುಗಿಯರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. ಕೇರಿಯಲ್ಲಿ ನೀರಿನ ಲೆಕ್ಕ, ಜೋಳದ ಲೆಕ್ಕ, ಸಾಲದ ಲೆಕ್ಕ ಇಟ್ಟವರು ನಿಮ್ಮ ಅವ್ವಂದಿರೇ.

ಸಮಿತಿಗಳು ಬರುತ್ತವೆ, ವರದಿಗಳು ಬರುತ್ತವೆ. ಇನ್ನು ಮುಂದೆ ಯಾವ ಸಮಿತಿ ಕಲಬುರಗಿಗೆ ಬಂದರೂ ಅದರ ಮುಂದೆ ಮನವಿಪತ್ರದ ಬದಲು ಕೇರಿಕೇರಿಯ ಅಂಕಿಪಟ್ಟಿ ಇಡೋಣ. "ನಮ್ಮ ತಾಲೂಕು ಹಿಂದುಳಿದದ" ಎಂದು ಹೇಳಲು ಪುಢಾರಿಗಳಿದ್ದಾರೆ. "ತಾಲೂಕಿನ ಯಾವ ಓಣಿ, ಎಷ್ಟು, ಯಾರಿಂದಾಗಿ" ಎಂದು ಕೇಳಲು ನಾವು ಕಲಿಯಬೇಕು. ಪೆನ್ಸಿಲ್ ತಗೊಳ್ಳಿ, ಎಣಿಸಲು ಶುರು ಮಾಡಿ.