ಸೋಮವಾರಕ್ಕೆ ಒಗ್ಗುವ ಫ್ರೇಮ್

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಸೈಕಲ್ ಕೊಳ್ಳುವವರ ಲೆಕ್ಕದಲ್ಲಿ ಎರಡು ಬಗೆಯ ದಾರಿ ಇರುತ್ತದೆ. ವಿಜಯನಗರದಿಂದ ಕಾರ್ಡ್ ರಸ್ತೆ ಹಿಡಿದು ಪೀಣ್ಯಕ್ಕೋ, ಬಸವೇಶ್ವರನಗರದಿಂದ ಮೆಜೆಸ್ಟಿಕ್ ಕಡೆಗೋ, ಕೆಂಗೇರಿಯಿಂದ ಕುಂಬಳಗೋಡು, ಬಿಡದಿಯ ಕಾರ್ಖಾನೆಗಳಿಗೋ ಹೋಗುವ ವಾರದ ದಿನದ ದಾರಿ ಒಂದು. ರಾಮೋಹಳ್ಳಿ, ದೊಡ್ಡ ಆಲದಮರ ದಾಟಿ ಮಂಚನಬೆಲೆ ಜಲಾಶಯದ ಕಡೆಗೆ, ಇಲ್ಲವೇ ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಮೇಲೆ ಹೋಗಿ ಸಾವನದುರ್ಗದ ಸುತ್ತ ಸಿಗುವ ಭಾನುವಾರದ ಮಣ್ಣಿನ ದಾರಿ ಇನ್ನೊಂದು. ಎರಡಕ್ಕೂ ಒಂದೇ ಸೈಕಲ್ ಬೇಕೆಂದರೆ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಶಾಕ್ಸ್ ಇದ್ದು ಹಿಂಭಾಗ ಗಟ್ಟಿಯಾಗಿರುವ ಮೌಂಟನ್ ಬೈಕ್ (ಎಂಟಿಬಿ), ಸರಿಯಾದ ಆಯ್ಕೆಯೇ. ತಕರಾರಿರುವುದು ಆರಿಸುವ ಕ್ರಮದಲ್ಲಿ. ಅಂಗಡಿಯಲ್ಲಿ ಮೊದಲ ಪ್ರಶ್ನೆ ಎಷ್ಟು ಗೇರ್ ಎಂದು, ಎರಡನೆಯದು ಶಾಕ್ಸ್ ಎಷ್ಟು ಎಂಎಂ ಎಂದು. ಫ್ರೇಮಿನ ಮಾತು ಬಣ್ಣದಲ್ಲೇ ಮುಗಿದುಹೋಗುತ್ತದೆ. ಗೇರು, ಫೋರ್ಕು, ಚಕ್ರ, ಸೀಟು, ಹ್ಯಾಂಡಲ್ ಎಲ್ಲವನ್ನೂ ಮುಂದೆಂದಾದರೂ ಬದಲಿಸಬಹುದು. ಕೊಳವೆಗಳನ್ನು ಬೆಸೆದ ಕೋನವನ್ನೂ ಅವುಗಳ ಮೇಲಿನ ನಟ್ಟು-ಬೋಲ್ಟಿನ ತೂತುಗಳನ್ನೂ ಬದಲಿಸಲಾಗದು. ಆದ್ದರಿಂದ ಫ್ರೇಮನ್ನು ಸೋಮವಾರದ ಓಡಾಟಕ್ಕೆ ಅಳೆದು ಕೊಳ್ಳಬೇಕು ಎಂಬುದು ನನ್ನ ವಾದ. ಹಾಗೆ ಕೊಂಡದ್ದು ಭಾನುವಾರವನ್ನೂ ನಿಭಾಯಿಸುತ್ತದೆ. ಭಾನುವಾರಕ್ಕೆಂದೇ ಕೊಂಡದ್ದು ವಾರವಿಡೀ ಕಾಡುತ್ತದೆ.

ಮೊದಲ ಸಾಕ್ಷಿ ನೆಲವೇ. ಈ ಕಡೆಯ ಟ್ರೇಲ್‌ಗಳು ಬಹುಮಟ್ಟಿಗೆ ಎತ್ತಿನ ಗಾಡಿ, ಟ್ರ್ಯಾಕ್ಟರ್ ಓಡಿ ಆದ ದಾರಿಗಳು: ಕೆಮ್ಮಣ್ಣು, ಸಡಿಲ ಜಲ್ಲಿ, ಮಳೆನೀರು ಕೊರೆದ ಕೊರಕಲು, ಅಲ್ಲಲ್ಲಿ ಬಂಡೆಯ ಹಾಸು. ಏರಿಳಿತ ಧಾರಾಳವಾಗಿದೆ, ಆದರೆ ಆಲ್ಪ್ಸ್ ಪರ್ವತದ ಹಾಗೆ ಗಂಟೆಗಟ್ಟಲೆ ಇಳಿಯುತ್ತಲೇ ಹೋಗುವ ಕಡಿದಾದ ಜಾಡು ಇಲ್ಲ. ತುರಹಳ್ಳಿಯ ಬಂಡೆಗಳು ಕೊಂಚ ಕಠಿಣ ನಿಜ. ಆದರೆ ಅದು ಪುಟ್ಟ ಮೀಸಲು ಅರಣ್ಯ, ಒಳಗೆ ಸೈಕಲ್ ತುಳಿಯುವುದು ಅರಣ್ಯ ಇಲಾಖೆಯ ನಿಯಮಕ್ಕೆ ಒಳಪಟ್ಟದ್ದು. ಇವತ್ತು 'ಟ್ರೇಲ್ ಹಾರ್ಡ್‌ಟೇಲ್' ಎಂಬ ಹೆಸರಲ್ಲಿ ಮಾರಾಟವಾಗುವ ಫ್ರೇಮುಗಳ ಅಳತೆ ರೂಪುಗೊಂಡಿರುವುದು ಕಡಿದಾದ ಇಳಿಜಾರುಗಳನ್ನು ಕಣ್ಣಮುಂದಿಟ್ಟುಕೊಂಡು. ತಮಾಷೆಯೆಂದರೆ ಮೌಂಟನ್ ಬೈಕಿಂಗ್ ಎಂಬ ಈ ಕ್ರೀಡೆ ಹುಟ್ಟಿದ್ದೇ ದಿನಬಳಕೆಯ ಸೈಕಲ್ಲಿನಿಂದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ಯುವಕರು ಗುಡ್ಡ ಇಳಿದದ್ದು ಪೇಪರ್ ಹಾಕುವ ಹುಡುಗರು ತುಳಿಯುತ್ತಿದ್ದಂಥ ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್‌ಗಳಲ್ಲಿ. ಅವರಲ್ಲೊಬ್ಬರಾದ ಜೋ ಬ್ರೀಝ್ ಅದಕ್ಕೆಂದೇ ಹೊಸ ಫ್ರೇಮ್ ಕಟ್ಟತೊಡಗಿದ್ದು 1977ರಲ್ಲಿ.

ಈಗ ಅಳತೆಗೆ ಬರೋಣ. ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್ ಎಷ್ಟು ಓರೆಯಾಗಿದೆ ಎಂಬುದರ ಮೇಲೆ ಸೈಕಲ್ ತಿರುಗುವ ಬಗೆ ನಿಂತಿದೆ. ಹೊಸ ಫ್ಯಾಷನ್ನಿನ ಫ್ರೇಮುಗಳಲ್ಲಿ ಈ ಕೋನ 64-65 ಡಿಗ್ರಿ. ಮುಂದಿನ ಚಕ್ರ ದೂರಕ್ಕೆ ಚಾಚಿಕೊಂಡಿರುವುದರಿಂದ ವೇಗವಾಗಿ ಇಳಿಯುವಾಗ ಸೈಕಲ್ ಅಲುಗದೆ ನಿಲ್ಲುತ್ತದೆ. ಅದೇ ಸೈಕಲ್ಲನ್ನು ನವರಂಗ್ ಸರ್ಕಲ್ ಬಳಿ, ಬಸ್ಸಿಗೂ ಡಿವೈಡರ್‌ಗೂ ನಡುವೆ, ಆಳು ನಡೆಯುವಷ್ಟೇ ವೇಗದಲ್ಲಿ ಓಡಿಸಿದರೆ ಹ್ಯಾಂಡಲ್ ತಾನಾಗಿ ಒಂದು ಪಕ್ಕಕ್ಕೆ ವಾಲುತ್ತದೆ, ಪ್ರತಿ ತಿರುವಿಗೂ ಹೆಚ್ಚು ಜಾಗ ಕೇಳುತ್ತದೆ. ಸೀಟ್ ಟ್ಯೂಬ್ ವಿಷಯವೂ ಇದೇ. 76 ಡಿಗ್ರಿ ನೆಟ್ಟಗಿದ್ದರೆ ಕಡಿದಾದ ಏರಿನಲ್ಲಿ ಮೈ ಪೆಡಲ್ ಮೇಲೆ ಸರಿಯಾಗಿ ಬೀಳುತ್ತದೆ. ಸಮತಟ್ಟು ರಸ್ತೆಯಲ್ಲಿ ಅದೇ ಭಾರ ಅಂಗೈಗೆ ಇಳಿದು ಅರ್ಧ ಗಂಟೆಯಲ್ಲಿ ಮಣಿಕಟ್ಟು ಜೋಮು ಹಿಡಿಯುತ್ತದೆ. ದಿನಾ ಹತ್ತು-ಹದಿನೈದು ಕಿಲೋಮೀಟರ್ ಡಾಂಬರಿನಲ್ಲಿ ಹೋಗುವವರಿಗೆ ಹೆಡ್ ಟ್ಯೂಬ್ 68-69 ಡಿಗ್ರಿ, ಸೀಟ್ ಟ್ಯೂಬ್ 73-74 ಡಿಗ್ರಿ ಇರುವ, ಈಗ ಹಳೇ ಮಾದರಿ ಎನಿಸಿಕೊಂಡ ಕ್ರಾಸ್ ಕಂಟ್ರಿ ಫ್ರೇಮೇ ಹಿತ. 780 ಎಂಎಂ ಅಗಲದ ಹ್ಯಾಂಡಲ್ ಬಂದರೆ ಚಿಂತೆಯಿಲ್ಲ, ಅದನ್ನು ಎರಡೂ ಕಡೆ ಕತ್ತರಿಸಿ ಕಿರಿದು ಮಾಡಬಹುದು. ಕೋನಕ್ಕೆ ಗರಗಸ ಹಾಕಲಾಗದು.

ಅದಕ್ಕಿಂತ ಮುಖ್ಯವಾದದ್ದು, ಜಾಹೀರಾತಿನಲ್ಲಿ ಎಂದೂ ಕಾಣದ್ದು, ಕ್ಯಾರಿಯರ್ ಕೂರಿಸುವ ತೂತುಗಳು. ಹಿಂದಿನ ಚಕ್ರದ ಆಕ್ಸಲ್ ಹತ್ತಿರ ಎರಡು, ಸೀಟಿನ ಕೆಳಗೆ ಎರಡು, ತಲಾ 5 ಎಂಎಂ ಬೋಲ್ಟ್ ಹಿಡಿಯುವಂಥವು. ಇವು ಇಲ್ಲದಿದ್ದರೆ ಲ್ಯಾಪ್‌ಟಾಪ್, ಊಟದ ಡಬ್ಬಿ, ಮಳೆ ಕೋಟು ಎಲ್ಲವೂ ಬೆನ್ನಿಗೆ. ಕಚೇರಿ ತಲುಪುವಷ್ಟರಲ್ಲಿ ಅಂಗಿ ಒದ್ದೆ. ಸೀಟ್‌ಪೋಸ್ಟಿಗೆ ಬಿಗಿಯುವ ಕ್ಯಾರಿಯರ್ ಸಾಮಾನ್ಯವಾಗಿ ಹತ್ತು ಕಿಲೋದ ಆಸುಪಾಸಿಗೆ ಸುಸ್ತಾಗುತ್ತದೆ. ತೂತು ಇದ್ದ ಮಾತ್ರಕ್ಕೂ ಸಾಲದು, ಬಗ್ಗಿ ನೋಡಬೇಕು. ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಎಡಗಡೆಯ ಮೇಲಿನ ಕೊಳವೆಯ ಹಿಂದೆ ಹೊರಚಾಚಿಕೊಂಡಿದ್ದರೆ ಕ್ಯಾರಿಯರ್‌ನ ಎಡಗಾಲು ಅದಕ್ಕೆ ತಗಲುತ್ತದೆ. ನಡುವೆ ವಾಷರ್ ಪೇರಿಸಿ, ಉದ್ದನೆಯ ಬೋಲ್ಟ್ ಹಾಕಿ ಹೊರಕ್ಕೆ ತಳ್ಳಬೇಕಾಗುತ್ತದೆ, ಆ ಬೋಲ್ಟ್ ಹಂಪ್ಸ್ ಮೇಲೆ ಕುಲುಕಿ ಕುಲುಕಿ ಒಂದು ದಿನ ಮುರಿಯುತ್ತದೆ. ಕ್ಯಾಲಿಪರ್ ಕೆಳಗಿನ ಚೈನ್‌ಸ್ಟೇ ಮೇಲೆ, ಹಿಂದಿನ ಕೊಳವೆಗಳ ತ್ರಿಕೋನದೊಳಗೆ ಅಡಗಿದ್ದರೆ ಈ ರಗಳೆಯೇ ಇಲ್ಲ. ಚೈನ್‌ಸ್ಟೇ ಉದ್ದವೂ ಲೆಕ್ಕಕ್ಕೆ ಬರುತ್ತದೆ: ಟ್ರೇಲ್‌ನಲ್ಲಿ ಚುರುಕಾಗಲೆಂದು 420 ಎಂಎಂಗೆ ಇಳಿಸಿದ ಫ್ರೇಮಿನಲ್ಲಿ ಪಕ್ಕಕ್ಕೆ ತೂಗುಹಾಕಿದ ಚೀಲಕ್ಕೆ ಪ್ರತಿ ಸುತ್ತಿಗೂ ಹಿಮ್ಮಡಿ ಬಡಿಯುತ್ತದೆ, 440ರಲ್ಲಿ ಬಹುತೇಕ ಬಡಿಯದು. ಟೈರಿಗೂ ಚೈನ್‌ಸ್ಟೇಗೂ ನಡುವೆ ಬೆರಳು ತೂರುವಷ್ಟು ಜಾಗವೂ ಬೇಕು. ಮಳೆಗಾಲದಲ್ಲಿ ಅಲ್ಲಿ ಮಡ್‌ಗಾರ್ಡೂ ಕೂರಬೇಕು, ಮಂಚನಬೆಲೆ ಕಡೆಯ ಕೆಂಪು ಕೆಸರೂ ಹಾದುಹೋಗಬೇಕು.

ರಿಪೇರಿಯ ಮಾತೂ ಇಲ್ಲೇ ಸೇರುತ್ತದೆ. ಪೆಡಲ್ ಆಕ್ಸಲ್ ಕೂರುವ ಜಾಗದಲ್ಲಿ, ಮೆಕ್ಯಾನಿಕ್‌ಗಳು ಬಿಬಿ ಎನ್ನುವಲ್ಲಿ, ಮರೆ ಕೊರೆದಿದ್ದರೆ ಮಾಮೂಲಿ ಅಂಗಡಿಯಲ್ಲೂ ಬಿಚ್ಚಿ ಹೊಸದು ಹಾಕುತ್ತಾರೆ. ಒತ್ತಿ ಕೂರಿಸುವ ಪ್ರೆಸ್‌ಫಿಟ್ ಆದರೆ ಅದರ ಟೂಲ್ ಇರುವವರನ್ನು ಹುಡುಕಿಕೊಂಡು ಹೋಗಬೇಕು, ನೀರು-ಮರಳು ಸೇರಿದಾಗ ಕಿರುಗುಟ್ಟುವುದೂ ಅದೇ ಹೆಚ್ಚು. ಗೇರ್ ಬದಲಿಸುವ ಡಿರೇಲರ್ ತೂಗುವ ಹ್ಯಾಂಗರ್ ಬಿಚ್ಚಿ ಬದಲಿಸುವಂತಿರಲಿ, ಕೊಳ್ಳುವ ದಿನವೇ ಅದರದೊಂದು ಸ್ಪೇರ್ ಇಟ್ಟುಕೊಳ್ಳಿ.

ಓರೆ ಕೋನದ ಫ್ರೇಮ್ ಹೊಸಬರಿಗೆ ಸುರಕ್ಷಿತ, ಇಳಿಜಾರಿನಲ್ಲಿ ಮುಗ್ಗರಿಸುವ ಭಯ ಕಡಿಮೆ ಎಂಬ ವಾದವಿದೆ. ಅದು ಸುಳ್ಳಲ್ಲ. ಆದರೆ ಆ ಸುರಕ್ಷತೆಯ ಒಂದು ಪಾಲನ್ನು ಬೇರೆ ರೀತಿ ಪಡೆಯಬಹುದು. 100 ಎಂಎಂ ಫೋರ್ಕಿನ ಜಾಗದಲ್ಲಿ 120 ಎಂಎಂ ಹಾಕಿದರೆ ಹೆಡ್ ಟ್ಯೂಬ್ ಸುಮಾರು ಒಂದು ಡಿಗ್ರಿ ಓರೆಯಾಗುತ್ತದೆ. ಕಂಪನಿ ಎಷ್ಟರವರೆಗೆ ಒಪ್ಪಿದೆ ಎಂಬುದನ್ನು ನೋಡಿಕೊಂಡೇ ಮಾಡಬೇಕು, ಮಿತಿ ಮೀರಿದರೆ ಹೆಡ್ ಟ್ಯೂಬಿನ ಬೆಸುಗೆ ಮೇಲೆ ಹೊರೆ ಬೀಳುತ್ತದೆ. ಅಗಲ ಟೈರು, ಸರಿಯಾದ ಗಾಳಿ, ಒಳ್ಳೆಯ ಬ್ರೇಕು ಉಳಿದದ್ದನ್ನು ನೋಡಿಕೊಳ್ಳುತ್ತವೆ.

ಸ್ಟೀಲ್ ಅಭಿಮಾನಿಗಳ ಆಕ್ಷೇಪವೂ ಕೇಳುವಂಥದ್ದೇ. ಕ್ರೋಮೋಲಿ ಸ್ಟೀಲ್ ಬಳುಕುತ್ತದೆ, ಅಲ್ಯೂಮಿನಿಯಂ ಕೆಲವು ವರ್ಷಕ್ಕೆ ದಣಿದು ಬಿರುಕು ಬಿಡುತ್ತದೆ ಎನ್ನುತ್ತಾರೆ. ಲೋಹಶಾಸ್ತ್ರದ ಪ್ರಕಾರ ಒಂದು ಮಿತಿಯೊಳಗಿನ ಹೊರೆಯನ್ನು ಸ್ಟೀಲ್ ಎಷ್ಟು ಸಲವಾದರೂ ತಾಳೀತು, ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಆದರೆ ಜರ್ಮನಿಯ 'ಟೂರ್' ಪತ್ರಿಕೆಗಾಗಿ ಇಎಫ್‌ಬಿಇ ಪ್ರಯೋಗಾಲಯ 1997ರಲ್ಲಿ ಹನ್ನೆರಡು ದುಬಾರಿ ರೋಡ್ ಫ್ರೇಮುಗಳನ್ನು ಯಂತ್ರಕ್ಕೆ ಕಟ್ಟಿ ತುಳಿಸಿದಾಗ ಕೊನೆಯವರೆಗೆ ಉಳಿದದ್ದು ಮೂರು: ಎರಡು ಅಲ್ಯೂಮಿನಿಯಂ, ಒಂದು ಕಾರ್ಬನ್. ಸ್ಟೀಲಿನದು ಒಂದೂ ಉಳಿಯಲಿಲ್ಲ. ರೋಡ್ ಫ್ರೇಮಿನ ಫಲಿತಾಂಶವನ್ನು ಎಂಟಿಬಿಗೆ ಹಾಗೇ ಅಂಟಿಸಲಾಗದು ನಿಜ, ಆದರೂ ಬಾಳಿಕೆ ತೀರ್ಮಾನವಾಗುವುದು ವಿನ್ಯಾಸ, ಬೆಸುಗೆಯಲ್ಲಿ, ಬರೀ ಲೋಹದ ಹೆಸರಲ್ಲಿ ಅಲ್ಲ ಎಂಬುದಕ್ಕೆ ಅಷ್ಟು ಸಾಕು. ಇನ್ನು ಬಳುಕು: ಎರಡು ಇಂಚಿನ ಟೈರು ಗುಂಡಿಯಲ್ಲಿ ಕುಗ್ಗುವಷ್ಟು ಯಾವ ಫ್ರೇಮೂ ಕುಗ್ಗುವುದಿಲ್ಲ. 6061 ಅಲ್ಯೂಮಿನಿಯಂನ ಸಾಧಾರಣ ಫ್ರೇಮ್ ಕೊಂಡು ಉಳಿದ ಹಣವನ್ನು ಟೈರಿಗೆ ಹಾಕುವುದೇ ಜಾಣತನ.

ಹಾಗಾದರೆ ರಸ್ತೆಗೆ ಒಗ್ಗುವ ಹೈಬ್ರಿಡ್ ಸೈಕಲ್ಲನ್ನೇ ಯಾಕೆ ಕೊಳ್ಳಬಾರದು? ಡಾಂಬರು ಬಿಟ್ಟು ಇಳಿಯುವುದೇ ಇಲ್ಲ ಎನ್ನುವವರು ಕೊಳ್ಳಲಿ. ಆದರೆ ಕೆಂಗೇರಿಯಾಚೆ ಡಾಂಬರೇ ನೆಚ್ಚಿಕೊಳ್ಳುವಂಥದ್ದಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಮೋಟಾರಿಲ್ಲದ ವಾಹನಗಳಿಗೆ ಪ್ರವೇಶವಿಲ್ಲ. ಬಿಡದಿಗೆ ಹೋಗುವ ಸೈಕಲ್ ಸವಾರನಿಗೆ ಉಳಿದಿರುವುದು ಸರ್ವಿಸ್ ರಸ್ತೆ. 29 ಇಂಚಿನ ಎಂಟಿಬಿ ರಿಮ್ಮೂ ಹೈಬ್ರಿಡ್ಡಿನ 700ಸಿ ರಿಮ್ಮೂ ವ್ಯಾಸದಲ್ಲಿ ಒಂದೇ, 622 ಎಂಎಂ. ಅಂದರೆ ವಾರದ ದಿನಕ್ಕೆ ನುಣುಪಾದ 45 ಎಂಎಂ ಟೈರು, ರಜೆಗೆ ಮುಳ್ಳಿನ 2.2 ಇಂಚಿನ ಟೈರು ಒಂದೇ ಫ್ರೇಮಿನಲ್ಲಿ ನಡೆಯುತ್ತದೆ. ಹೈಬ್ರಿಡ್ಡಿನಲ್ಲಿ ಈ ಸೌಕರ್ಯಕ್ಕೆ ಜಾಗ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಸೈಕಲ್ ಇಟ್ಟುಕೊಳ್ಳಿ ಎನ್ನುವವರು ರಾಜಾಜಿನಗರದ ಮೂರನೇ ಮಹಡಿಯ ಬಾಡಿಗೆ ಮನೆಯ ಮೆಟ್ಟಿಲನ್ನು ಲೆಕ್ಕಕ್ಕೆ ತಂದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದ್ದರೂ ಮನೆಯ ಜಾಗವೇನೂ ಅಗಲವಾಗಿಲ್ಲ. ಸೈಕಲ್ ಬದಲು ರಸ್ತೆ ಸರಿಮಾಡಿ ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅದು ಆಗುವವರೆಗೆ ಕೆಲಸಕ್ಕೆ ಹೋಗಬೇಕಲ್ಲ.

ಸೈಜಿನಲ್ಲಿ ರಾಜಿ ಬೇಡ. ಸ್ಟಾಕ್ ಇಲ್ಲವೆಂದು ಮೀಡಿಯಂ ಬದಲು ಲಾರ್ಜ್ ಕೊಟ್ಟು ಸೀಟು ಇಳಿಸಿದರೆ ಸರಿಹೋಗುತ್ತದೆ ಎನ್ನುವ ಅಂಗಡಿಯಿಂದ ಹೊರಗೆ ಬನ್ನಿ. ಸೀಟು ಇಳಿಯುತ್ತದೆ, ಹ್ಯಾಂಡಲ್ಲಿನ ದೂರ ಇಳಿಯುವುದಿಲ್ಲ. ಮೇಲೆ ಹೇಳಿದ ಅಳತೆಯ ಫ್ರೇಮುಗಳು ಹೊಸ ಮಾಡೆಲ್‌ಗಳಲ್ಲಿ ಕಡಿಮೆಯಾಗುತ್ತಿರುವುದರಿಂದ ಸೆಕೆಂಡ್ ಹ್ಯಾಂಡ್ ನೋಡುವುದರಲ್ಲಿ ತಪ್ಪೇನಿಲ್ಲ. ನೋಡುವಾಗ ಸೈಕಲ್ಲನ್ನು ತಲೆಕೆಳಗು ಮಾಡಿ, ಹೆಡ್ ಟ್ಯೂಬಿಗೆ ಡೌನ್ ಟ್ಯೂಬ್ ಸೇರುವ ಕಡೆ ಮಣ್ಣು ಒರೆಸಿ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಇದೆಯೇ ಎಂದು ಮೊಬೈಲ್ ಟಾರ್ಚ್ ಹಾಕಿ ಪರೀಕ್ಷಿಸಿ. ಉಗುರಿಗೆ ಸಿಗುವ ಗೆರೆ ಬಿರುಕಾಗಿರಬಹುದು. ಆಮೇಲೆ ಸೀಟ್‌ಪೋಸ್ಟ್ ಕ್ಲಾಂಪ್ ಸಡಿಲಿಸಿ ಎಳೆಯಿರಿ. ಅಲ್ಯೂಮಿನಿಯಂ ಫ್ರೇಮಿನೊಳಗೆ ಸೀಟ್‌ಪೋಸ್ಟ್ ಜಡ್ಡುಗಟ್ಟಿ ಕೂತಿದ್ದರೆ, ಬೆಲೆ ಎಷ್ಟೇ ಇಳಿಸಲಿ, ಆ ಫ್ರೇಮ್ ಬೇಡ.