ಆಕಾಶದಲ್ಲಿ ದಾರಿ ತೋರಿಸುವ ಯಂತ್ರ

ತಾನಿರುವ ಸ್ಥಳವನ್ನು ಉಪಗ್ರಹಗಳ ಸಹಾಯದಿಂದ ಅರಿತುಕೊಳ್ಳುವ ಯಂತ್ರವು ಇಂದು ಮೊಬೈಲ್ ಫೋನಿನೊಳಗೆ ಅಡಗಿ ಮನೆಮನೆಗೂ ಬಂದಿರುವುದನ್ನು ವಾಚಕರು ಬಲ್ಲರು. ಊರಿನಲ್ಲಿ ಅದು ಹತ್ತು ಮಾರು ತಪ್ಪಿದರೆ ನಾವು ಪಕ್ಕದ ಬೀದಿಯನ್ನು ಹೊಕ್ಕು ಹಿಂದಿರುಗುತ್ತೇವೆ, ನಷ್ಟವೇನೂ ಇಲ್ಲ. ಆದರೆ ಅಮೆರಿಕಾ ದೇಶದಲ್ಲಿ ಸ್ವಂತ ಸಣ್ಣ ವಿಮಾನಗಳನ್ನು ನಡೆಸುವ ಗೃಹಸ್ಥರು ಬಹುಮಂದಿ ಉಂಟು. ಅವರಲ್ಲಿ ಅನೇಕರು ಅಂಗಡಿಯಲ್ಲಿ ಕೊಂಡ ಇಂತಹ ಕೈಯಂತ್ರವನ್ನು ಜೊತೆಗಿಟ್ಟುಕೊಂಡು ಹಾರುತ್ತಾರೆ. ಮೋಡದ ಮರೆಯಲ್ಲಿ ಬೆಟ್ಟವಿದ್ದರೆ ಅವರಿಗೆ ಹಿಂದಿರುಗುವ ಬೀದಿಯಿಲ್ಲ. ಆದುದರಿಂದ ಆ ಯಂತ್ರವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಈ ತಿಂಗಳು ವಿಚಾರಿಸೋಣ.

ಯಂತ್ರದ ಮರ್ಮವು ಕಾಲವನ್ನಳೆಯುವುದರಲ್ಲಿದೆ. ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ವೇಳೆಯನ್ನು ರೇಡಿಯೋ ಮೂಲಕ ಎಡೆಬಿಡದೆ ಸಾರುತ್ತಿರುತ್ತವೆ. ಆ ಸಂಕೇತವು ತನ್ನನ್ನು ತಲಪಲು ಹಿಡಿದ ಕಾಲದಿಂದ ಯಂತ್ರವು ದೂರವನ್ನು ಗುಣಿಸುತ್ತದೆ. ನಾಲ್ಕು ಉಪಗ್ರಹಗಳು ಸಿಕ್ಕಿದರೆ ಸ್ಥಳವನ್ನೂ ಎತ್ತರವನ್ನೂ ಹೇಳಬಲ್ಲುದು. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ ಒಂದಡಿಯಷ್ಟು ವ್ಯತ್ಯಾಸ ಬರುವುದು.

೨೦೦೦ದ ಮೇ ತಿಂಗಳವರೆಗೆ ಅಮೆರಿಕಾ ಸರಕಾರವು ಜನಸಾಮಾನ್ಯರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದಿತು. ಆಗ ನೂರು ಮೀಟರಿನವರೆಗೆ ತಪ್ಪು ಬರುತ್ತಿತ್ತು. ಆ ನಿರ್ಬಂಧವು ತೊಲಗಿದ ಮೇಲೆ ತಪ್ಪು ಹತ್ತು ಮೀಟರಿನ ಆಸುಪಾಸಿಗೆ ಇಳಿಯಿತು. ನೆಲದ ಠಾಣೆಗಳಲ್ಲಿ ತಪ್ಪನ್ನು ಅಳೆದು ತಿದ್ದುಪಡಿಯನ್ನು ಸಾರುವ ‘ವಾಸ್’ ಎಂಬ ಏರ್ಪಾಡು ೨೦೦೩ರಲ್ಲಿ ಅಲ್ಲಿ ಆರಂಭವಾಗಿ, ಅದನ್ನು ಮೂರು ಮೀಟರಿಗಿಂತ ಕಡಿಮೆ ಮಾಡಿತು. ನಮ್ಮ ದೇಶದಲ್ಲಿಯೂ ಇದೇ ಬಗೆಯ ‘ಗಗನ್’ ಎಂಬ ಏರ್ಪಾಡುಂಟು. ಅದರ ಮುಖ್ಯ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿದೆ.

ಇಷ್ಟು ನಿಖರತೆಯಿದ್ದ ಮೇಲೆ ಚಿಂತೆಯೇಕೆ ಎಂದು ಕೇಳಬಹುದು. ಮೊದಲನೆಯದಾಗಿ, ಉಪಗ್ರಹಗಳೆಲ್ಲವೂ ಮೇಲಿರುವುವೇ ಹೊರತು ಕೆಳಗೊಂದೂ ಇಲ್ಲವಾಗಿ, ಎತ್ತರದ ತಪ್ಪು ಸ್ಥಳದ ತಪ್ಪಿಗಿಂತ ಒಂದೂವರೆಯಿಂದ ಎರಡರಷ್ಟಿರುವುದು. ಇತರ ವಿಮಾನಗಳೂ ವಾಯುಭಾರದಿಂದ ಎತ್ತರವನ್ನು ತಿಳಿಸುವ ಮಾಪಕವನ್ನೇ ಅನುಸರಿಸುವುದರಿಂದ, ಎತ್ತರಕ್ಕೆ ಅದನ್ನೇ ನೋಡತಕ್ಕದ್ದು. ಎರಡನೆಯದು ಇನ್ನೂ ಮುಖ್ಯವಾದುದು. ವಿಮಾನದ ಫಲಕದಲ್ಲಿ ಕೂರಿಸಿದ ಪ್ರಮಾಣಿತ ಯಂತ್ರವು ಹೆಚ್ಚಿನ ಉಪಗ್ರಹಗಳೊಡನೆ ತನ್ನ ಲೆಕ್ಕವನ್ನು ತಾಳೆನೋಡಿ, ಸಂದೇಹ ಬಂದರೆ ಎಚ್ಚರಿಸಬೇಕೆಂಬ ನಿಯಮವಿದೆ. ಕೈಯಂತ್ರಕ್ಕೆ ಆ ಹೊಣೆಯಿಲ್ಲ. ತಪ್ಪಿದಾಗಲೂ ಅದು ಅದೇ ಧೈರ್ಯದಿಂದ ದಾರಿ ತೋರಿಸಬಹುದು. ಮೋಡದೊಳಗೆ ಅದನ್ನೇ ನೆಚ್ಚಿ ಹಾರಲು ಅಲ್ಲಿನ ಕಾನೂನು ಒಪ್ಪದಿರುವುದು ಇದಕ್ಕಾಗಿಯೇ.

ಒಳ್ಳೆಯ ಯಂತ್ರವಿದ್ದರೂ ತಾಳೆನೋಡದಿದ್ದರೆ ಏನಾಗುವುದೆಂಬುದಕ್ಕೆ ದುಃಖಕರವಾದ ನಿದರ್ಶನವೊಂದುಂಟು. ೧೯೮೩ರ ಸೆಪ್ಟೆಂಬರ್ ೧ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಸೀಮೆಯನ್ನು ಹೊಕ್ಕು ಹೊಡೆತಕ್ಕೆ ಸಿಕ್ಕಿತು. ೨೬೯ ಮಂದಿ ಮಡಿದರು. ಅದರಲ್ಲಿ ದಿಕ್ಕು ತಿಳಿಸುವ ಉತ್ತಮ ಉಪಕರಣಗಳಿದ್ದುವು. ಆದರೆ ವಿಮಾನವು ಅವುಗಳನ್ನು ಅನುಸರಿಸುವಂತೆ ಹೊಂದಿಸಲ್ಪಟ್ಟಿರಲಿಲ್ಲ. ಗಂಟೆಗಟ್ಟಲೆ ಅದನ್ನು ಯಾರೂ ಗಮನಿಸಲಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಉಪಗ್ರಹ ಸಂಕೇತವನ್ನು ಸರ್ವರಿಗೂ ಒದಗಿಸುವೆವೆಂದು ಅಮೆರಿಕಾ ಸರಕಾರವು ಸಾರಿದ್ದು ಈ ದುರಂತದ ಬಳಿಕವೇ.

ನಾವು ಹೇಳತಕ್ಕದ್ದಿಷ್ಟೆ. ಕೈಯಂತ್ರವನ್ನು ಬಿಸುಡಬೇಕಾದುದಿಲ್ಲ, ಅದು ಉತ್ತಮ ಸಂಗಾತಿ. ಆದರೆ ನಕ್ಷೆ, ದಿಕ್ಸೂಚಿ, ಕಿಟಕಿಯ ಹೊರಗಿನ ನೆಲ ಇವುಗಳೊಡನೆ ಅದರ ಮಾತನ್ನು ಆಗಾಗ್ಗೆ ತಾಳೆನೋಡುವವನ ಹೆಂಡಿರು ಮಕ್ಕಳು ಮನೆಯಲ್ಲಿ ನೆಮ್ಮದಿಯಿಂದಿರಬಹುದು.